ತಪಾಸಣೆ ಪಟ್ಟಿಯಲ್ಲಿ ಇಲ್ಲದ ನಿದ್ದೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಅದರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬಂದು ಆರು ವಾರದ ಕೂಸಿನಿಂದ 18 ವರ್ಷದವರೆಗಿನ ಎಲ್ಲ ಮಕ್ಕಳನ್ನೂ ನೋಡಬೇಕು. ನೋಡಬೇಕಾದ 30 ತೊಂದರೆಗಳ ಪಟ್ಟಿ ಅವರ ಕೈಯಲ್ಲಿರುತ್ತದೆ. ಹುಳುಕು ಹಲ್ಲು, ಸೋರುವ ಕಿವಿ, ಫಿಟ್ಸ್, ರಕ್ತಹೀನತೆ ಎಲ್ಲವೂ ಅದರಲ್ಲಿವೆ. ಒಂದು ಕಡೆ ಗಮನ ನಿಲ್ಲದ ಚಂಚಲತೆಯ ಕಾಯಿಲೆ ಕೂಡ ಇದೆ. ಮಗು ರಾತ್ರಿ ಹೇಗೆ ಮಲಗುತ್ತದೆ ಎಂಬುದು ಮಾತ್ರ ಇಲ್ಲ. ಆಂಧ್ರದ ಕಂಬದೂರಿನ ಶಾಲೆಯಿರಲಿ, ಗಡಿಯಾಚೆ ಕರ್ನಾಟಕದ ಪಾವಗಡದ ಶಾಲೆಯಿರಲಿ, ಪಟ್ಟಿ ಒಂದೇ, ಬಿಟ್ಟುಹೋದದ್ದೂ ಒಂದೇ.

ಸರ್ಕಾರ ಕೇಳದ್ದನ್ನು ಮನೆಯವರೂ ಕೇಳುವುದಿಲ್ಲ, ಮೇಷ್ಟ್ರೂ ಕೇಳುವುದಿಲ್ಲ. ಹತ್ತು ವರ್ಷದ ಹುಡುಗ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸಿದರೆ ನಮಗೆ ಗೊತ್ತಿರುವ ಔಷಧ ಎರಡೇ: ಮುಖಕ್ಕೆ ನೀರು ಹಾಕಿಕೊಂಡು ಬಾ ಎನ್ನುವುದು, ಇಲ್ಲವೇ ಬೆಂಚಿನ ಮೇಲೆ ನಿಲ್ಲಿಸುವುದು. ಆ ಹುಡುಗನಿಗೆ ಸಿಗುವ ಬಿರುದು ಕುಂಭಕರ್ಣ. ರಾತ್ರಿ ಬೆಚ್ಚಿಬಿದ್ದು ಕಿರುಚಿದರೆ ಗಾಳಿ ಸೋಕಿದೆ ಎನ್ನುತ್ತೇವೆ. ಹಾಸಿಗೆ ಒದ್ದೆ ಮಾಡಿದರೆ ಬೆನ್ನಿಗೆ ಏಟು. ಗೊರಕೆ ಹೊಡೆದರಂತೂ ಮನೆಯವರಿಗೆಲ್ಲ ನಗು, ‘ಥೇಟ್ ತಾತನ ಹಾಗೆ’ ಎಂದು.

ಈ ಗೊರಕೆಯ ವಿಷಯವನ್ನೇ ಮೊದಲು ಹೇಳಬೇಕು, ಏಕೆಂದರೆ ನಗುವಂಥದ್ದು ಅದರಲ್ಲಿ ಏನೂ ಇಲ್ಲ. ನೆಗಡಿಯಾದಾಗ ನಾಲ್ಕು ದಿನ ಗೊರಕೆ ಬಂದರೆ ಚಿಂತೆ ಬೇಡ. ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು, ತಿಂಗಳುಗಟ್ಟಲೆ, ಬಾಯಿ ತೆರೆದುಕೊಂಡೇ ಮಲಗಿ ಗೊರಕೆ ಹೊಡೆಯುವ ಮಗುವಿನ ಗಂಟಲಲ್ಲಿ ಗಾಳಿಯ ದಾರಿ ಕಿರಿದಾಗಿರುವ ಸಾಧ್ಯತೆ ಇದೆ. ಗಂಟಲ ಎರಡು ಬದಿಯ ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗಡ್ಡೆ ಎರಡರಿಂದ ಎಂಟು ವರ್ಷದ ನಡುವೆ ಗಂಟಲಿನ ಅಳತೆಗೆ ಹೋಲಿಸಿದರೆ ತೀರ ದಪ್ಪವಾಗಿರುತ್ತವೆ. ನಿದ್ದೆಯಲ್ಲಿ ಗಂಟಲ ಸ್ನಾಯುಗಳು ಸಡಿಲವಾದಾಗ ದಾರಿ ಮುಚ್ಚುತ್ತದೆ. ಗೊರಕೆ ತಟ್ಟನೆ ನಿಲ್ಲುತ್ತದೆ, ಎದೆಗೂಡು ಒಳಗೆ ಜಗ್ಗುತ್ತದೆ, ಕೆಲವು ಸೆಕೆಂಡು ಉಸಿರೇ ಆಡುವುದಿಲ್ಲ. ಮೆದುಳು ಗಾಬರಿಬಿದ್ದು ಎಬ್ಬಿಸುತ್ತದೆ, ಮಗು ಒಮ್ಮೆ ಏದುಸಿರೆಳೆದು ಮಗ್ಗುಲಾಗುತ್ತದೆ. ಒಂದೇ ರಾತ್ರಿಯಲ್ಲಿ ಇದು ಎಷ್ಟೋ ಸಲ. ಬೆಳಿಗ್ಗೆ ಅಮ್ಮ ಕೇಳಿದರೆ ಮಗುವಿಗೆ ಒಂದೂ ನೆನಪಿರುವುದಿಲ್ಲ. ಗಂಟೆ ಎಣಿಸಿದರೆ ಹತ್ತು ಗಂಟೆ ಮಲಗಿದೆ, ನಿದ್ದೆ ಮಾಡಿಲ್ಲ.

ಸ್ಲೀಪ್ ಆಪ್ನಿಯಾ ಎಂದು ಕರೆಯುವ ಈ ತೊಂದರೆ ನೂರು ಮಕ್ಕಳಲ್ಲಿ ಒಂದರಿಂದ ಐದು ಮಕ್ಕಳಿಗೆ ಇರುತ್ತದೆ ಎಂಬುದು ವೈದ್ಯಲೋಕ ಒಪ್ಪಿರುವ ಅಂದಾಜು. ನೂರು ಮಕ್ಕಳಿರುವ ಶಾಲೆ ಕಲ್ಯಾಣದುರ್ಗದ ಸುತ್ತ ಎಷ್ಟಿಲ್ಲ! ಇಲ್ಲಿ ದೊಡ್ಡವರಿಗೂ ಮಕ್ಕಳಿಗೂ ಒಂದು ವ್ಯತ್ಯಾಸವಿದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಸಣ್ಣ ಮಕ್ಕಳು ಹಲವು ಸಲ ಅದರ ಉಲ್ಟಾ: ಕೂತಲ್ಲಿ ಕೂರುವುದಿಲ್ಲ, ಸಿಟ್ಟು, ಹಟ, ಪಕ್ಕದವನ ಮೇಲೆ ಕೈ. ಇಂಥ ಹುಡುಗ ‘ಪೋಕರಿ’ ಎನಿಸಿಕೊಳ್ಳುತ್ತಾನೆ, ಪಟ್ಟಣದ ಶಾಲೆಯಾದರೆ ಚಂಚಲತೆಯ ಕಾಯಿಲೆ ಎಂಬ ಚೀಟಿ ಅಂಟುತ್ತದೆ. ಆರೋಗ್ಯ ತಂಡದ ಪಟ್ಟಿಯಲ್ಲಿ ಚಂಚಲತೆಗೆ ಜಾಗವಿದ್ದು ಗೊರಕೆಗೆ ಇಲ್ಲ ಎನ್ನುವುದರ ಅರ್ಥ ಇದು. 2013ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳ ನಡವಳಿಕೆ, ನಿದ್ದೆ, ಜೀವನದ ಗುಣಮಟ್ಟ ಎಲ್ಲವೂ ಸುಧಾರಿಸಿದವು. ಗಮನದ ಪರೀಕ್ಷೆಗಳ ಅಂಕದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಅದನ್ನೂ ಹೇಳಬೇಕು, ಶಸ್ತ್ರಚಿಕಿತ್ಸೆ ಸರ್ವರೋಗಕ್ಕೂ ಮದ್ದಲ್ಲ. ತೊಂದರೆ ಸೌಮ್ಯವಾಗಿದ್ದರೆ ಮೂಗಿಗೆ ಸಿಂಪಡಿಸುವ ಔಷಧದಲ್ಲೇ ಹಲವು ಮಕ್ಕಳು ಹುಷಾರಾಗುತ್ತವೆ. ಆದರೆ ಕಿವಿ-ಮೂಗು-ಗಂಟಲು ವೈದ್ಯರ ತನಕ ಮಗು ಹೋಗಬೇಕಲ್ಲ? ಗೊರಕೆ ರೋಗವೆಂದೇ ಗೊತ್ತಿಲ್ಲದ ಊರಿನಿಂದ ಯಾರು ಬಸ್ಸು ಹತ್ತುತ್ತಾರೆ?

ಇನ್ನು ರಾತ್ರಿ ಕಿರುಚುವುದು. ಮಲಗಿದ ಒಂದೆರಡು ಗಂಟೆಯೊಳಗೆ ಮಗು ದಿಗ್ಗನೆ ಎದ್ದು ಕೂತು ಚೀರುತ್ತದೆ. ಕಣ್ಣು ತೆರೆದಿರುತ್ತದೆ, ಅಮ್ಮನ ಗುರುತು ಸಿಗುವುದಿಲ್ಲ, ಮೈ ಬೆವೆತಿರುತ್ತದೆ. ಹತ್ತು ನಿಮಿಷದಲ್ಲಿ ತಾನಾಗಿಯೇ ಮಲಗಿಬಿಡುತ್ತದೆ. ನೋಡಿದವರ ಎದೆ ನಡುಗುವುದು ಸಹಜವೇ. ಅದಕ್ಕೇ ನಿವಾಳಿಸುವುದು, ತಾಯತ, ಅಂತ್ರ. ನಿಜದಲ್ಲಿ ಅದು ಗಾಢ ನಿದ್ದೆಯಿಂದ ಮೆದುಳು ಅರ್ಧ ಮಾತ್ರ ಎಚ್ಚರಗೊಂಡ ಸ್ಥಿತಿ. ನಿದ್ದೆಯಲ್ಲಿ ನಡೆಯುವುದೂ ಇದೇ ಜಾತಿ. ಮಗುವನ್ನು ಅಲುಗಾಡಿಸಿ ಎಬ್ಬಿಸಬಾರದು, ಬಿದ್ದು ಪೆಟ್ಟಾಗದಂತೆ ನೋಡಿಕೊಂಡರೆ ಸಾಕು. ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ಅದು ಹೋಗುತ್ತದೆ. ನಿದ್ದೆ ಸಾಲದಿದ್ದರೆ, ಜ್ವರ ಬಂದರೆ ಹೆಚ್ಚುತ್ತದೆ. ತಾಯತ ಕಟ್ಟಿದ ಮೇಲೆ ನಿಂತಿತು ಎನ್ನುವವರು ಬೇಕಾದಷ್ಟಿದ್ದಾರೆ, ಕಟ್ಟದಿದ್ದರೂ ನಿಲ್ಲುತ್ತಿತ್ತು. ತಾಯತದಿಂದ ನಷ್ಟವೇನು ಎನ್ನಬಹುದು. ನಷ್ಟವಾಗುವುದು ಅದು ಫಿಟ್ಸ್ ಆಗಿದ್ದಾಗ. ಪ್ರತಿಸಲವೂ ಒಂದೇ ಥರ ಕೈಕಾಲು ಸೆಟೆದುಕೊಳ್ಳುವುದು, ಬಾಯಿ ಒಂದು ಕಡೆಗೆ ಎಳೆದುಕೊಂಡು ಜೊಲ್ಲು ಸುರಿಯುವುದು, ಒಂದೇ ರಾತ್ರಿ ಹಲವು ಸಲ ಬರುವುದು ಇದ್ದರೆ ನಿದ್ದೆಯಲ್ಲೇ ಕಾಣಿಸಿಕೊಳ್ಳುವ ಮೂರ್ಛೆರೋಗ ಇರಬಹುದು. ಅದಕ್ಕೆ ಒಳ್ಳೆಯ ಔಷಧಗಳಿವೆ. ಬಾಯಲ್ಲಿ ವರ್ಣಿಸಿ ಡಾಕ್ಟರಿಗೆ ತಿಳಿಸುವುದು ಕಷ್ಟ. ಒಂದು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ಅರ್ಧ ಕೆಲಸ ಮುಗಿಯಿತು.

ಕಾಲಿನ ಮಾತಿಗೆ ಬರೋಣ. ‘ಕಾಲು ಜಗ್ಗುತ್ತೆ, ಒತ್ತವ್ವ’ ಎಂದು ರಾತ್ರಿ ಅಳುವ, ಒದ್ದಾಡುವ, ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿಸಿಕೊಂಡು ಮಲಗುವ ಮಕ್ಕಳು ಯಾವ ಊರಲ್ಲಿಲ್ಲ? ಆಟ ಜಾಸ್ತಿಯಾಯಿತು, ಬೆಳೆಯುವ ನೋವು ಎಂದು ಅಜ್ಜಿ ಎಣ್ಣೆ ಹಚ್ಚುತ್ತಾಳೆ. ಕೆಲವರಲ್ಲಿ ಅಷ್ಟೇ ಇರಬಹುದು. ಕೆಲವರಲ್ಲಿ ಅದು ಮೈಯಲ್ಲಿ ಕಬ್ಬಿಣಾಂಶ ಬತ್ತಿರುವುದರ ಗುರುತು. ಕಬ್ಬಿಣ ಕಡಿಮೆಯಾದರೆ ಕಾಲುಗಳಿಗೆ ನೆಮ್ಮದಿಯಿಲ್ಲ, ಕಾಲುಗಳಿಗೆ ನೆಮ್ಮದಿಯಿಲ್ಲದಿದ್ದರೆ ನಿದ್ದೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಆಂಧ್ರದಲ್ಲಿ ಶೇ 63.2, ಕರ್ನಾಟಕದಲ್ಲಿ ಶೇ 65.5 ಮಕ್ಕಳಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಎರಡೂ ರಾಜ್ಯಗಳಲ್ಲಿ ಏರಿದೆ, ಇಳಿದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡಬೇಕಾದ ಗುಲಾಬಿ ಮತ್ತು ನೀಲಿ ಬಣ್ಣದ ಕಬ್ಬಿಣದ ಮಾತ್ರೆಗಳಿವೆ. ಮಗು ಅದನ್ನು ನುಂಗಿತೇ, ಕಿಟಕಿಯಾಚೆ ಎಸೆಯಿತೇ ಎಂದು ನೋಡುವವರು ಬೇಕು. ಊಟದ ಹಿಂದೆಯೇ ಮಕ್ಕಳ ಕೈಗೂ ಟೀ ಲೋಟ ಕೊಡುವ ನಮ್ಮ ಅಭ್ಯಾಸ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಮೇಲಿಂದ ನಿದ್ದೆಯನ್ನೂ ಓಡಿಸುತ್ತದೆ.

ಹಾಸಿಗೆ ಒದ್ದೆ ಮಾಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ವರ್ಷದ ತನಕ ಅದು ರೋಗವೇ ಅಲ್ಲ, ಆಮೇಲೂ ಮಗುವಿನ ತಪ್ಪಲ್ಲ. ಹೊಡೆತದಿಂದ ವಾಸಿಯಾದ ಉದಾಹರಣೆ ವೈದ್ಯಶಾಸ್ತ್ರದಲ್ಲಿಲ್ಲ.

ಇಷ್ಟು ಕಾಯಿಲೆಗಳ ಮಾತಾಯಿತು. ಕಾಯಿಲೆಯೇ ಇಲ್ಲದೆ ನಿದ್ದೆ ಕಳೆದುಕೊಂಡ ಮಕ್ಕಳ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು, ನಮ್ಮ ಆತಂಕದ ಮುಖ್ಯ ಕಾರಣವೂ ಅದೇ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಲೆಕ್ಕ ಹೀಗಿದೆ: ಮೂರರಿಂದ ಐದು ವರ್ಷದವರಿಗೆ ಹಗಲ ನಿದ್ದೆಯೂ ಸೇರಿ 10ರಿಂದ 13 ಗಂಟೆ, ಆರರಿಂದ ಹನ್ನೆರಡರವರಿಗೆ 9ರಿಂದ 12, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10. ಖಾಸಗಿ ಶಾಲೆಯ ಬಸ್ಸು ಹಿಡಿಯಲು ಐದೂವರೆಗೆ ಏಳುವ ಐದನೇ ತರಗತಿ ಹುಡುಗಿ ಎಂಟೂವರೆಗೆ ನಿದ್ದೆಯಲ್ಲಿರಬೇಕು, ಅದೂ ಕನಿಷ್ಠದ ಲೆಕ್ಕದಲ್ಲಿ. ಎಂಟೂವರೆಗೆ ನಮ್ಮ ಮನೆಗಳಲ್ಲಿ ಇನ್ನೂ ಮುದ್ದೆ ತಿರುವುತ್ತಿರುತ್ತಾರೆ. ಟಿವಿಯಲ್ಲಿ ಸೀರಿಯಲ್ಲು ಆಗಷ್ಟೇ ಬಿಸಿಯೇರಿರುತ್ತದೆ.

ಮೊಬೈಲ್ ಒಂದನ್ನೇ ಬೈದು ಸಂಪಾದಕೀಯ ಮುಗಿಸುವುದು ಸುಲಭ. ಬೈಯಬೇಕಾದ್ದು ಇದೆ, ನಿಜ. 2024ರ ‘ಅಸರ್’ ಗ್ರಾಮೀಣ ಸಮೀಕ್ಷೆಯಲ್ಲಿ 14–16 ವಯಸ್ಸಿನ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚಿನವರಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತಿತ್ತು. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಾಸಾಯನಿಕ ಏರಿ ಮೈಗೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಪರದೆಯ ಬೆಳಕು ಅದನ್ನು ತಡೆಹಿಡಿಯುತ್ತದೆ, ದೊಡ್ಡವರಿಗಿಂತ ಮಕ್ಕಳ ಕಣ್ಣು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಐದರ ತನಕ ದಿನಕ್ಕೆ ಒಂದು ಗಂಟೆ ದಾಟಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳಿದೆ. ತಂತ್ರಜ್ಞಾನದ ಚಟ ಬಿಡಿಸಲೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಒಂದು ಕ್ಲಿನಿಕ್ ತೆರೆಯಬೇಕಾಯಿತು.

ಆದರೆ ಕಂಬದೂರಿನ ಕಡೆಯ ಮನೆಯೊಂದರ ರಾತ್ರಿಯನ್ನು ನೋಡಿ ಮಾತಾಡೋಣ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡ ಸೀಮೆ ಇದು. ಬೋರಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಅಪ್ಪ ಟಾರ್ಚು ಹಿಡಿದು ಹೊಲಕ್ಕೆ ಹೋಗುತ್ತಾನೆ. ಹಾವಿನ ಭಯವಿದೆ, ಕಲ್ಯಾಣದುರ್ಗದ ಗುಡ್ಡಗಳ ಬದಿಗೆ ಕರಡಿಯ ಭಯವೂ ಇದೆ. ಅವನು ಬರುವ ತನಕ ಮನೆ ಎಚ್ಚರ. ಹಗಲಲ್ಲೇ ಒಂಬತ್ತು ಗಂಟೆ ಕರೆಂಟು ಎಂಬ ಮಾತನ್ನು ಆಂಧ್ರದ ಸರ್ಕಾರಗಳು ಹೇಳಿವೆ. ಆ ಮಾತು ಎಲ್ಲ ಫೀಡರುಗಳಲ್ಲೂ ನಡೆದರೆ ಅದರ ಲಾಭ ಬೆಳೆಗೆಷ್ಟೋ ಮಕ್ಕಳ ನಿದ್ದೆಗೂ ಅಷ್ಟೇ. ಅವ್ವ ಉಪಾಧಿ (ಉದ್ಯೋಗ ಖಾತ್ರಿ) ಕೆಲಸಕ್ಕೆ ಬಿಸಿಲೇರುವ ಮುಂಚೆ ಹೊರಡಬೇಕಾದ್ದರಿಂದ ಮಕ್ಕಳನ್ನೂ ಕತ್ತಲಲ್ಲೇ ಎಬ್ಬಿಸುತ್ತಾಳೆ. ದಪ್ಪ ಮಣ್ಣಿನ ಮಾಳಿಗೆ ಮನೆಗಳ ಜಾಗಕ್ಕೆ ಸಿಮೆಂಟು, ತಗಡಿನ ಶೀಟು ಬಂದವು. ಏಪ್ರಿಲ್ ರಾತ್ರಿ ಹನ್ನೆರಡಾದರೂ ಶೀಟಿನ ಕೆಳಗೆ ಮಲಗಲಾಗುವುದಿಲ್ಲ, ಹೊರಗೆ ಮಲಗಿದರೆ ಸೊಳ್ಳೆ. ಅಪ್ಪ ಅವ್ವ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ರಾತ್ರಿ ಒಂಬತ್ತಕ್ಕೆ ಅವರ ವಿಡಿಯೊ ಕಾಲ್ ಬರುವ ತನಕ ಕಾಯುತ್ತದೆ. ಆ ಮಗುವಿನ ಕೈಯ ಫೋನನ್ನು ಕಿತ್ತುಕೊಳ್ಳಿ ಎಂದು ಯಾವ ಬಾಯಲ್ಲಿ ಹೇಳುವುದು? ಬಡವರ ಮಕ್ಕಳ ನಿದ್ದೆಗೇಡಿಗೆ ಶಿಸ್ತಿನ ಕೊರತೆಯೇ ಕಾರಣ ಎನ್ನುವವರು ಒಂದು ಬೇಸಿಗೆ ರಾತ್ರಿ ಶೀಟು ಮನೆಯಲ್ಲಿ ಮಲಗಿ ಬರಲಿ.

ಮಗು ಮಲಗುವುದಿಲ್ಲ ಎಂದು ಜಾಯಿಕಾಯಿ ತೇಯ್ದು ನೆಕ್ಕಿಸುವವರಿದ್ದಾರೆ. ಈಗ ಅದರ ಜಾಗಕ್ಕೆ ನೆಗಡಿಯ ಸಿರಪ್ಪು ಬಂದಿದೆ, ಕುಡಿಸಿದರೆ ತೂಕಡಿಸುತ್ತದಲ್ಲ ಎಂದು. ಎರಡೂ ಅಪಾಯ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತದ್ದನ್ನು ಮೆಡಿಕಲ್ ಸ್ಟೋರಿನ ಕಟ್ಟೆಯ ಮೇಲೆ ನಿಂತವರು ಆಗಲೇ ಮರೆತಿದ್ದಾರೆ.

ಇಲ್ಲಿಯ ತನಕ ಹೇಳಿದ್ದು ಗೊತ್ತಿಲ್ಲದೆ ಆಗುವ ಕೇಡು. ಗೊತ್ತಿದ್ದೂ, ಹೆಮ್ಮೆಯಿಂದಲೇ ಮಾಡುವ ಕೇಡು ಇನ್ನೊಂದಿದೆ. ಹತ್ತನೇ ತರಗತಿ ಬಂತೆಂದರೆ ನಿದ್ದೆಯೇ ಶತ್ರು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ರಾತ್ರಿ ಗುಂಪು ಅಧ್ಯಯನ. ಕರ್ನಾಟಕದ ಕೆಲವು ಕಡೆ ಮೇಷ್ಟ್ರುಗಳು ಬೆಳಗಿನ ಜಾವ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವುದನ್ನು ನಾವು ಪತ್ರಿಕೆಯವರೇ ‘ಮಾದರಿ’ ಎಂದು ಬರೆದು ಫೋಟೊ ಹಾಕಿದ್ದೇವೆ. ಆ ಮೇಷ್ಟ್ರ ಕಾಳಜಿ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಎಬ್ಬಿಸಿದ ಮಗು ಎಷ್ಟು ಗಂಟೆಗೆ ಮಲಗಿತ್ತು ಎಂದು ಕೇಳುವ ಫೋನು ಮಾತ್ರ ಬರುವುದಿಲ್ಲ. ಇಂಟರ್‌ಮೀಡಿಯೆಟ್‌ಗೆ ಹೋದರೆ ಕತೆಯೇ ಬೇರೆ. ಐಐಟಿ, ನೀಟ್ ಫಲಕ ಹಾಕಿದ ಹಾಸ್ಟೆಲುಗಳಲ್ಲಿ ದಿನ ಕೋಳಿ ಕೂಗುವ ಮುಂಚೆ ಶುರುವಾಗಿ ರಾತ್ರಿ ಸ್ಟಡಿ ಅವರ್ ಮುಗಿದಾಗ ಕೊನೆಗೊಳ್ಳುತ್ತದೆ. ಎಷ್ಟು ಹೊತ್ತು ಎಚ್ಚರವಿರಿಸುತ್ತಾರೆ ಎಂಬುದನ್ನೇ ತಂದೆ ತಾಯಿ ಗುಣಮಟ್ಟದ ಅಳತೆಯೆಂದು ಭಾವಿಸಿ ಶೇಂಗಾ ಮಾರಿದ ದುಡ್ಡು ಕಟ್ಟಿ ಬರುತ್ತಾರೆ.

ವಿಜ್ಞಾನ ಹೇಳುವುದು ಇದರ ತದ್ವಿರುದ್ಧ. ಹಗಲು ಓದಿದ್ದನ್ನು ಮೆದುಳು ನೆನಪಾಗಿ ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಹರೆಯ ಬಂದಾಗ ಮೈಯೊಳಗಿನ ಗಡಿಯಾರವೇ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ಹದಿನಾರರ ಹುಡುಗ ಹತ್ತಕ್ಕೆ ಮಲಗಿದರೂ ನಿದ್ದೆ ಬಾರದು, ನಾಲ್ಕೂವರೆಗೆ ಎಬ್ಬಿಸಿದರೆ ಅವನ ದೇಹಕ್ಕೆ ಅದು ನಡುರಾತ್ರಿ. ಆ ಒಳಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ನಮ್ಮ ಹಾಸ್ಟೆಲುಗಳ ಗೋಡೆ ಗಡಿಯಾರಕ್ಕೆ ಇನ್ನೂ ಸುದ್ದಿ ತಲುಪಿಲ್ಲ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಬೇಡ, ತೀರ ಮುಂಜಾನೆಯೂ ಬೇಡ, ಸಂಜೆ ತೀರ ತಡವಾಗಿಯೂ ಬೇಡ, ಹದಿನಾರರ ಕೆಳಗಿನವರನ್ನು ಸೇರಿಸಿಕೊಳ್ಳಲೇಬೇಡಿ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಹದಿನೈದು ನಿರ್ದೇಶನಗಳನ್ನು ಹೊರಡಿಸಿತು. ಕಾಗದಗಳು ಇಷ್ಟಿವೆ. ಐದು ಗಂಟೆಯ ಮಿತಿಯನ್ನು ಪಾಲಿಸುವ ಹಾಸ್ಟೆಲು ಅನಂತಪುರದಲ್ಲಿ ಯಾವುದಿದೆ ಎಂದು ಜಿಲ್ಲಾಡಳಿತ ಹೇಳಲಿ.

ನಿದ್ದೆ ಕೆಡಿಸುವ ಗದ್ದಲದ ಬಗ್ಗೆ ಬರೆಯಹೊರಟರೆ ಧರ್ಮದ ವಿರೋಧಿ ಎನ್ನುವವರಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ನಿಷಿದ್ಧ. ಯಾವ ಮತದ ಹೆಸರೂ ಅದರಲ್ಲಿಲ್ಲ. ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ನುಗ್ಗಿದ ಪ್ರಕರಣದಲ್ಲಿ 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಅವರು ನಿದ್ದೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿಸಿ ತೀರ್ಪು ಬರೆದರು. ಮದುವೆ ಡಿಜೆಯ ಸದ್ದಿಗೆ ತೊಟ್ಟಿಲ ಕೂಸು ಬೆಚ್ಚುವಾಗ ಆ ಹಕ್ಕಿನ ಅರ್ಜಿ ತೆಗೆದುಕೊಂಡು ಯಾರೂ ಠಾಣೆಗೆ ಹೋಗುವುದಿಲ್ಲ, ಏಕೆಂದರೆ ಮದುವೆ ನೆಂಟರದು.

ಮಾಡಬಹುದಾದ್ದು ದೊಡ್ಡ ಖರ್ಚಿನದಲ್ಲ. ಮಹಾರಾಷ್ಟ್ರದಲ್ಲಿ ಮಕ್ಕಳ ನಿದ್ದೆಯ ಮಾತನ್ನು ಎತ್ತಿದ್ದು ಅಲ್ಲಿಯ ರಾಜ್ಯಪಾಲರಾಗಿದ್ದ ರಮೇಶ್ ಬೈಸ್, 2023ರ ಡಿಸೆಂಬರಿನಲ್ಲಿ. ಎರಡೇ ತಿಂಗಳಲ್ಲಿ ನಾಲ್ಕನೇ ತರಗತಿಯವರೆಗಿನ ಪಾಠ ಬೆಳಿಗ್ಗೆ ಒಂಬತ್ತಕ್ಕಿಂತ ಮುಂಚೆ ಶುರುವಾಗಬಾರದೆಂದು ಸರ್ಕಾರ ಆದೇಶಿಸಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪ್ರೌಢಶಾಲೆಗಳು ಎಂಟೂವರೆಗೆ ಮುಂಚೆ ತೆರೆಯುವಂತಿಲ್ಲ. ಅಮರಾವತಿಗೂ ಬೆಂಗಳೂರಿಗೂ ಇದು ಕಷ್ಟವಾಗಬಾರದು. ಖಾಸಗಿ ಶಾಲೆಯ ಬಸ್ಸು ಮೊದಲ ಮಗುವನ್ನು ಎಷ್ಟು ಗಂಟೆಗೆ ಹತ್ತಿಸಿಕೊಳ್ಳುತ್ತದೆ ಎಂಬುದಕ್ಕೂ ಒಂದು ಮಿತಿ ಬೇಕು. ಶಾಲೆಯ ಗಂಟೆಗಿಂತ ಆ ಬಸ್ಸಿನ ಹಾರ್ನೇ ಹಳ್ಳಿಯ ಮಗುವಿಗೆ ನಿಜವಾದ ಮೊದಲ ಗಂಟೆ.

ಆಂಧ್ರ ಸರ್ಕಾರ ಮೆಗಾ ಪೋಷಕ–ಶಿಕ್ಷಕರ ಸಭೆಯನ್ನು 2024ರ ಡಿಸೆಂಬರ್ 7ರಂದು ಎಲ್ಲ ಸರ್ಕಾರಿ ಶಾಲೆಗಳಲ್ಲೂ ನಡೆಸಿತು. ಮರುವರ್ಷ ಜುಲೈ 10ರಂದು ಮುಖ್ಯಮಂತ್ರಿಗಳೇ ನಮ್ಮ ಪಕ್ಕದ ಕೊತ್ತಚೆರುವಿನ ಶಾಲೆಗೆ ಬಂದು ಕೂತರು. ಹಾಜರಿ, ಅಂಕ, ಊಟ ಎಲ್ಲದರ ಮಾತೂ ನಡೆಯುವ ಆ ಚಾಪೆಯ ಮೇಲೆ ಮುಂದಿನ ಸಲ ತಾಯಂದಿರನ್ನು ಕೇಳಲಿ: ನಿಮ್ಮ ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಗೊರಕೆ ಹೊಡೆಯುತ್ತದೆಯೇ, ರಾತ್ರಿ ಕಾಲು ಒದ್ದಾಡಿಸುತ್ತದೆಯೇ, ಬೆಳಿಗ್ಗೆ ಎಬ್ಬಿಸುವುದು ಕಷ್ಟವೇ? ಕೇಳುವಾಗ ಮನೆಯಲ್ಲಿ ಕನ್ನಡ ಆಡುವ ತಾಯಿಗೆ ಕನ್ನಡದಲ್ಲೇ ಕೇಳಲಿ. ಕಾಯಿಲೆಯ ವಿವರ ಹೇಳುವಾಗ ಪರಭಾಷೆಯಲ್ಲಿ ನಾಲಿಗೆ ತಡವರಿಸುತ್ತದೆ, ಇಲ್ಲಿಯ ಗಡಿ ಊರುಗಳ ಆಸ್ಪತ್ರೆಗಳಲ್ಲಿ ನಿಂತು ನೋಡಿದವರಿಗೆ ಅದು ಗೊತ್ತು. ಇದೇ ನಾಲ್ಕು ಪ್ರಶ್ನೆಗಳು ಬಾಲ ಸ್ವಾಸ್ಥ್ಯ ತಂಡದ ಪಟ್ಟಿಗೂ ಹೋಗಬೇಕು. ಅದಕ್ಕೆ ಹೊಸ ವ್ಯಾನು ಬೇಡ, ಹೊಸ ಡಾಕ್ಟರು ಬೇಡ, ಒಂದು ಸಾಲು ಅಚ್ಚಾದರೆ ಆಯಿತು.

ರಾತ್ರಿಯಿಡೀ ತಂತಿ ಜೋಡಿಸಿ ನಿದ್ದೆಯನ್ನು ಅಳೆಯುವ ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಕಲ್ಯಾಣದುರ್ಗದಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಆಸ್ಪತ್ರೆ ಇದೆ, ಅನಂತಪುರದಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆ ಇದೆ. ಗಂಟಲು ನೋಡುವುದು, ರಕ್ತ ಪರೀಕ್ಷಿಸುವುದು, ತಾಯಿ ತಂದ ವಿಡಿಯೊ ನೋಡುವುದು ಇಷ್ಟರಲ್ಲೇ ಹೆಚ್ಚಿನ ಮಕ್ಕಳ ದಾರಿ ತಿಳಿಯಾಗುತ್ತದೆ. ಉಳಿದ ಕೆಲವರಿಗೆ ಬೆಂಗಳೂರು. ಹರೆಯದ ಮಕ್ಕಳ ನಿದ್ದೆ ಆತಂಕದಿಂದಲೋ ದುಃಖದಿಂದಲೋ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಉತ್ತರ ಸಿಗುತ್ತದೆ. ಈ ನಂಬರನ್ನು ಪ್ರತಿ ಹಾಸ್ಟೆಲಿನ ಊಟದ ಹಾಲಿನಲ್ಲಿ ಬರೆಸುವ ಕೆಲಸವನ್ನು ಜಿಲ್ಲಾ ಶಿಕ್ಷಣಾಧಿಕಾರಿಗಳು ಪರೀಕ್ಷೆಗಳ ಋತು ಶುರುವಾಗುವ ಮುಂಚೆ ಮುಗಿಸಲಿ, ಜೊತೆಗೆ ಹಾಸ್ಟೆಲಿನ ವೇಳಾಪಟ್ಟಿಯನ್ನೂ ತರಿಸಿಕೊಂಡು ಅದರಲ್ಲಿ ಮಲಗುವ ಹೊತ್ತು ಎಷ್ಟು ಗಂಟೆ ಎಂದು ಕೂಡಿ ನೋಡಲಿ. ಎಂಟಕ್ಕಿಂತ ಕಡಿಮೆ ಬಂದ ಹಾಸ್ಟೆಲುಗಳ ಹೆಸರನ್ನು ಪ್ರಕಟಿಸಲು ಈ ಪತ್ರಿಕೆ ಜಾಗ ಕೊಡುತ್ತದೆ.